ಸಬ್ಸಿಡಿ ಅಂದ್ರೆ ಕೈಗೆ ಬರೋ ದುಡ್ಡಲ್ಲ, ಅದನ್ನ ಸುದ್ದಿಯಲ್ಲೇ ಬರೀರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪೇಪರ್‌ನಲ್ಲಿ ಆಗಾಗ ‘ಅರ್ಜಿ ಆಹ್ವಾನ’ ಅಂತ ಒಂದು ಪುಟ್ಟ ಸುದ್ದಿ ಬರುತ್ತೆ, ಸ್ವಯಂ ಉದ್ಯೋಗಕ್ಕೆ ಸಾಲ ಸೌಲಭ್ಯ, ಶೇ 35ರವರೆಗೆ ಸಬ್ಸಿಡಿ, ಆಸಕ್ತರು ಇಂಥ ತಾರೀಕಿನೊಳಗೆ ಅರ್ಜಿ ಹಾಕಬಹುದು, ಹೆಚ್ಚಿನ ಮಾಹಿತಿಗೆ ಕಚೇರಿ ಸಂಪರ್ಕಿಸಿ, ಅಷ್ಟೇ. ಅದರ ಫೋಟೋ ಹೊಡೆದು ವಾಟ್ಸ್ಯಾಪ್‌ನಲ್ಲಿ ಹಾಕ್ತಾರೆ, ಅದು ಹತ್ತು ಗ್ರೂಪ್ ಸುತ್ತಿ ಬರೋ ಹೊತ್ತಿಗೆ ‘ಸರ್ಕಾರದಿಂದ ಉಚಿತ 3.5 ಲಕ್ಷ’ ಅಂತ ಆಗಿರುತ್ತೆ. ನಾನು ಲೆಕ್ಕಪತ್ರದ ಆಫೀಸಲ್ಲಿ ಕೆಲಸ ಮಾಡೋನು, ಬ್ಯಾಂಕಿಗೆ ಕೊಡೋ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡೋದೇ ದಿನದ ಅರ್ಧ ಕೆಲಸ, ಹಾಗಾಗಿ ಈ ಸುದ್ದಿ ಓದಿದವರು ಮುಂದೆ ಏನಾಗ್ತಾರೆ ಅನ್ನೋದು ನನ್ನ ಟೇಬಲ್ ಮುಂದೆಯೇ ನಡೆಯುತ್ತೆ. ಬಂದವರು ಕೇಳೋ ಮೊದಲ ಪ್ರಶ್ನೆ ಬಿಸಿನೆಸ್ ಬಗ್ಗೆ ಅಲ್ಲ, ‘ಸಬ್ಸಿಡಿ ಯಾವಾಗ ಅಕೌಂಟಿಗೆ ಬೀಳುತ್ತೆ?’ ಅನ್ನೋದು.

ಬೀಳಲ್ಲ ಸರ್. ಅಂದ್ರೆ ಅವರ ಉಳಿತಾಯ ಖಾತೆಗೆ ಬೀಳಲ್ಲ. ಇದೊಂದು ಮಾತನ್ನ ಯಾರೂ ಮೊದಲೇ ಹೇಳೋದಿಲ್ಲ, ಇಲಾಖೆಯ ಪ್ರಕಟಣೆಯಲ್ಲೂ ಇರಲ್ಲ, ನಿಮ್ಮ ಸುದ್ದಿಯಲ್ಲೂ ಇರಲ್ಲ, ಮಧ್ಯದಲ್ಲಿ ನಿಂತ ಬ್ರೋಕರ್ ಅಂತೂ ಹೇಳೋದೇ ಇಲ್ಲ, ಅವನ ಹೊಟ್ಟೆಪಾಡು ನಡೆಯೋದೇ ಜನಕ್ಕೆ ಇದು ಗೊತ್ತಿಲ್ಲ ಅನ್ನೋದರ ಮೇಲೆ.

ಪಿಎಂಇಜಿಪಿ, ಅಂದ್ರೆ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ಅನ್ನೋ ಕೇಂದ್ರದ ಸ್ಕೀಮ್ ತಗೊಳ್ಳಿ, ಯಾಕಂದ್ರೆ ಶೇ 35 ಅನ್ನೋ ಅಂಕಿ ಹೆಚ್ಚಾಗಿ ಬರೋದು ಅಲ್ಲಿಂದಲೇ. 2008ರಲ್ಲಿ ಹಳೆಯ ಎರಡು ಯೋಜನೆಗಳನ್ನ ಸೇರಿಸಿ ಇದನ್ನ ಮಾಡಿದ್ರು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ನೋಡ್ಕೊಳ್ಳುತ್ತೆ, ಜಿಲ್ಲೆಯಲ್ಲಿ ಖಾದಿ ಮಂಡಳಿ ಇಲ್ಲಾ ಜಿಲ್ಲಾ ಕೈಗಾರಿಕಾ ಕೇಂದ್ರ, ಅಂದ್ರೆ ನಾವೆಲ್ಲ ಡಿಐಸಿ ಅಂತೀವಲ್ಲ, ಅದರ ಮೂಲಕ ಅರ್ಜಿ ಹೋಗುತ್ತೆ. 2022ರಲ್ಲಿ ಮಿತಿ ಏರಿಸಿ ಉತ್ಪಾದನಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದ ತನಕ ಅಂತ ಮಾಡಿದ್ರು, ಆಗಲೇ ಸ್ಕೀಮನ್ನ 2025-26ರ ತನಕ ಮುಂದುವರಿಸಿದ್ರು, ನಾನು ಇಲ್ಲಿ ಹೇಳೋ ಲೆಕ್ಕ ಆ ಮಾರ್ಗಸೂಚಿಯದ್ದು. ಸಾಮಾನ್ಯ ವರ್ಗದವರಿಗೆ ಪಟ್ಟಣದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25. ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರು, ಮಹಿಳೆಯರು, ಅಂಗವಿಕಲರು, ಮಾಜಿ ಸೈನಿಕರು ಇವರಿಗೆಲ್ಲ ಪಟ್ಟಣದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35.

ಈಗ ಒಂದು ಲೆಕ್ಕ ಹಾಕೋಣ. ಹಳ್ಳಿಯ ಹೆಣ್ಣುಮಗಳೊಬ್ಬರು 10 ಲಕ್ಷದ ಒಂದು ಉತ್ಪಾದನಾ ಘಟಕ ಶುರು ಮಾಡ್ತಾರೆ ಅಂದ್ಕೊಳ್ಳಿ. ಅವರು ತಮ್ಮ ಕೈಯಿಂದ ಶೇ 5, ಅಂದ್ರೆ 50 ಸಾವಿರ ಹಾಕಬೇಕು (ಸಾಮಾನ್ಯ ವರ್ಗದ ಗಂಡಸಾದ್ರೆ ಶೇ 10, ಅಂದ್ರೆ 1 ಲಕ್ಷ). ಉಳಿದ 9.5 ಲಕ್ಷ ಬ್ಯಾಂಕ್ ಸಾಲ ಕೊಡುತ್ತೆ. ಸಾಲ ಬಿಡುಗಡೆ ಆದಮೇಲೆ ಬ್ಯಾಂಕ್‌ನವರು ಸಬ್ಸಿಡಿಗೆ ಕ್ಲೇಮ್ ಹಾಕ್ತಾರೆ, 3.5 ಲಕ್ಷ ಬರುತ್ತೆ, ಆದ್ರೆ ಅದು ಬಂದು ಕೂರೋದು ಬ್ಯಾಂಕ್‌ನಲ್ಲೇ, ಸಾಲಗಾರರ ಹೆಸರಲ್ಲಿ ಒಂದು ಡೆಪಾಸಿಟ್ ಆಗಿ, ಮೂರು ವರ್ಷ ಮುಟ್ಟೋ ಹಾಗಿಲ್ಲ. ಆ ಡೆಪಾಸಿಟ್‌ಗೆ ಬಡ್ಡಿ ಸಿಗಲ್ಲ, ಅಷ್ಟು ಮೊತ್ತದ ಸಾಲಕ್ಕೆ ಬ್ಯಾಂಕ್ ಬಡ್ಡಿ ಹಾಕೋ ಹಾಗೂ ಇಲ್ಲ. ಅಂದ್ರೆ ಬಡ್ಡಿ ಓಡೋದು 6 ಲಕ್ಷದ ಮೇಲೆ. ಮೂರು ವರ್ಷ ಆದಮೇಲೆ ಘಟಕ ನಿಜವಾಗ್ಲೂ ನಡೀತಿದೆಯಾ ಅಂತ ಸ್ಥಳಕ್ಕೆ ಬಂದು ನೋಡ್ತಾರೆ, ನಡೀತಿದ್ರೆ ಮಾತ್ರ ಆ ದುಡ್ಡು ಸಾಲಕ್ಕೆ ಜಮಾ. ಮಧ್ಯದಲ್ಲಿ ಬಾಗಿಲು ಹಾಕಿದ್ರೆ ಸಬ್ಸಿಡಿ ವಾಪಸ್ ಹೋಗಿ ಪೂರ್ತಿ ಸಾಲ ತಲೆ ಮೇಲೆ ಕೂರೋ ಸಾಧ್ಯತೆ ಇದೆ.

ಇದು ಕೆಟ್ಟ ಸ್ಕೀಮ್ ಅಂತ ನಾನು ಹೇಳ್ತಿಲ್ಲ, ಒಳ್ಳೇದೇ, 3.5 ಲಕ್ಷ ಅಸಲು ಕಡಿಮೆ ಆಗೋದು ಅಂದ್ರೆ ಸಣ್ಣ ಮಾತಲ್ಲ. ಆದ್ರೆ ಇದು ಗೊತ್ತಿಲ್ದೆ ಬಂದವರು ಏನ್ ಮಾಡ್ತಾರೆ ಗೊತ್ತಾ, ಸಬ್ಸಿಡಿ ಬಂದ ತಕ್ಷಣ ಕೈಸಾಲ ತೀರಿಸ್ತೀನಿ ಅಂತ ಹೇಳಿ ಆ 50 ಸಾವಿರವನ್ನ, ಶೆಡ್ಡಿನ ಅಡ್ವಾನ್ಸನ್ನ, ಬ್ರೋಕರ್ ದುಡ್ಡನ್ನ ಎಲ್ಲ ತಿಂಗಳಿಗೆ ನೂರಕ್ಕೆ ಮೂರು ಐದು ಬಡ್ಡಿಗೆ ಹೊರಗಡೆಯಿಂದ ತರ್ತಾರೆ. ಬ್ಯಾಂಕ್ ಸಾಲದ ಕಂತು ಶುರು ಆಗೋ ಮೊದಲೇ ಈ ಬಡ್ಡಿ ಶುರು. ಘಟಕ ಮುಳುಗೋದು ಮಾರ್ಕೆಟ್ ಇಲ್ಲದ್ದಕ್ಕಲ್ಲ, ಇದಕ್ಕೆ. ಆಮೇಲೆ ಎಲ್ಲರೂ ‘ನಮ್ಮ ಹುಡುಗ್ರಿಗೆ ಬಿಸಿನೆಸ್ ಬರಲ್ಲ’ ಅಂತಾರೆ.

ಇನ್ನೂ ಸಣ್ಣ ಸಣ್ಣ ಕಂಡೀಷನ್‌ಗಳಿವೆ, ಅವು ಗೊತ್ತಿದ್ರೆ ಅರ್ಧ ಜನ ಬೇರೆ ದಾರಿ ನೋಡ್ಕೋತಾರೆ. ಈ ಸ್ಕೀಮಿನ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ, ಈಗಾಗ್ಲೇ ನಡೀತಿರೋದಕ್ಕೆ ಕೊಡಲ್ಲ. ಗಂಡ ಹೆಂಡ್ತಿ ಇಬ್ಬರಲ್ಲಿ ಒಬ್ಬರಿಗೇ. ಜಾಗದ ಬೆಲೆ ಪ್ರಾಜೆಕ್ಟ್ ವೆಚ್ಚದಲ್ಲಿ ಸೇರಿಸೋ ಹಾಗಿಲ್ಲ. ಮಷಿನ್ ಗಿಷಿನ್ ಏನೂ ಬೇಡ, ಬರೀ ಓಡಾಡೋ ಬಂಡವಾಳ ಕೊಡಿ ಅಂದ್ರೆ ಆಗಲ್ಲ. ಉತ್ಪಾದನೆಗೆ 10 ಲಕ್ಷ, ಸೇವೆಗೆ 5 ಲಕ್ಷ ದಾಟಿದ್ರೆ ಎಂಟನೇ ಕ್ಲಾಸ್ ಪಾಸಾಗಿರಬೇಕು. ಮತ್ತೆ ಒಂದು ಟ್ರೈನಿಂಗ್ ಇದೆ, ಇಡಿಪಿ ಅಂತ, ಉದ್ಯಮ ನಡೆಸೋದನ್ನ ಕಲಿಸೋದು, ತೀರಾ ಸಣ್ಣ ಪ್ರಾಜೆಕ್ಟ್ ಬಿಟ್ಟು ಉಳಿದವರು ಅದನ್ನ ಮುಗಿಸಲೇಬೇಕು. ಇನ್ನೊಂದು ಯಾರೂ ಹೇಳದ ವಿಷಯ, ವರ್ಕಿಂಗ್ ಕ್ಯಾಪಿಟಲ್ (ಅದೇ ಓಡಾಡೋ ಬಂಡವಾಳ) ಅಂತ ಸಿಸಿ ಲಿಮಿಟ್, ಅಂದ್ರೆ ಬೇಕಾದಾಗ ತೆಗೆದು ಕಟ್ಟೋ ಸಾಲದ ಮಿತಿ, ತಗೊಂಡಿದ್ರೆ ಆ ಮೂರು ವರ್ಷದಲ್ಲಿ ಒಮ್ಮೆಯಾದ್ರೂ ಅದನ್ನ ಪೂರ್ತಿ ಬಳಸಿರಬೇಕು, ಸರಾಸರಿ ಬಳಕೆ ಶೇ 75ಕ್ಕಿಂತ ಕಡಿಮೆ ಇರಬಾರದು ಅಂತ ಮಾರ್ಗಸೂಚಿಯಲ್ಲಿ ಇದೆ. ಸಾಲ ಜಾಸ್ತಿ ಬರೆಸ್ಕೊಂಡು ಸುಮ್ನೆ ಇಟ್ಕೊಂಡ್ರೆ ಕೊನೆಗೆ ಸಬ್ಸಿಡಿಗೇ ಏಟು. ಆದ್ರೂ ‘ಇರ್ಲಿ ಸರ್, ಸ್ವಲ್ಪ ಜಾಸ್ತಿನೇ ಹಾಕಿ’ ಅಂತ ಹೇಳದೇ ಇರೋ ಗಿರಾಕಿನ ನಾನು ಅಪರೂಪಕ್ಕೆ ನೋಡಿದೀನಿ.

ಸಣ್ಣ ಉದ್ಯಮಕ್ಕೆ ಸಾಲ ಕೊಡಿಸೋ ಕೇಂದ್ರದ ಮುದ್ರಾ ಯೋಜನೆ ಬಗ್ಗೆ ಇನ್ನೂ ದೊಡ್ಡ ಗೊಂದಲ. 2015ರ ಏಪ್ರಿಲ್ 8ಕ್ಕೆ ಶುರು ಆದ ಮುದ್ರಾದಲ್ಲಿ ಸಬ್ಸಿಡಿ ಅನ್ನೋದೇ ಇಲ್ಲ. ಶಿಶು 50 ಸಾವಿರದ ತನಕ, ಕಿಶೋರ 5 ಲಕ್ಷದ ತನಕ, ತರುಣ 10 ಲಕ್ಷದ ತನಕ, ತರುಣ ಸಾಲ ತಗೊಂಡು ಸರಿಯಾಗಿ ತೀರಿಸಿದವರಿಗೆ 2024ರಿಂದ ತರುಣ್ ಪ್ಲಸ್ ಅಂತ 20 ಲಕ್ಷದ ತನಕ. ಇದರ ಲಾಭ ಏನಂದ್ರೆ ಅಡಮಾನ ಬೇಡ, ಸಾಲಕ್ಕೆ ಸರ್ಕಾರದ ಗ್ಯಾರಂಟಿ ನಿಧಿ ಇದೆ, ಅಷ್ಟೇ. ಬಡ್ಡಿ ಬ್ಯಾಂಕಿಂದು, ಕಂತು ನಿಮ್ಮದು. ಮುದ್ರಾ ಸಂಸ್ಥೆ ನೇರವಾಗಿ ಯಾರಿಗೂ ಸಾಲ ಕೊಡೋದೂ ಇಲ್ಲ, ಬ್ಯಾಂಕು, ಮೈಕ್ರೋ ಫೈನಾನ್ಸ್, ಇವುಗಳ ಮೂಲಕವೇ ಬರಬೇಕು. ಹಾಗಿದ್ದೂ ‘ನಿಮಗೆ ಮುದ್ರಾ ಸಾಲ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಟ್ಟಿ’ ಅಂತ ಅಶೋಕ ಸ್ತಂಭ ಹಾಕಿರೋ ಪತ್ರ ಮೊಬೈಲಿಗೆ ಬರುತ್ತೆ, ಜನ ಕಟ್ತಾರೆ. ಇಂಥ ನಕಲಿ ಪತ್ರಗಳ ಬಗ್ಗೆ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಎಷ್ಟೋ ಸಲ ಎಚ್ಚರಿಸಿದೆ, ಆದ್ರೆ ಆ ಎಚ್ಚರಿಕೆ ಇಂಗ್ಲಿಷ್, ಹಿಂದಿಯಲ್ಲಿ ಎಕ್ಸ್‌ನಲ್ಲಿ ಹಾಕಿದ್ರೆ ನಮ್ಮ ಜನಕ್ಕೆ ತಲುಪುತ್ತಾ ಹೇಳಿ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸೋ ಉದ್ಯಮ್ ರಿಜಿಸ್ಟ್ರೇಷನ್ದೂ ಇದೇ ಕಥೆ, 2020ರ ಜುಲೈನಿಂದ ಇರೋ ಈ ನೋಂದಣಿ ಪೂರ್ತಿ ಉಚಿತ, ಆಧಾರ್ ಇದ್ರೆ ಕೂತಲ್ಲೇ ಆಗುತ್ತೆ, ಆದ್ರೆ ಗೂಗಲ್‌ನಲ್ಲಿ ಹುಡುಕಿದ್ರೆ ಸರ್ಕಾರಿ ಸೈಟ್ ತರಾನೇ ಕಾಣೋ ಖಾಸಗಿ ಸೈಟು ಬಂದು ಫೀಸ್ ಕೇಳುತ್ತೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯಾ ಅಂತ ನೋಡಿ ಅಂತ ಒಂದು ಸಾಲು ನೀವು ಹಾಕಿದ್ರೆ ಸಾಕು.

ಹಾಗಾದ್ರೆ ವಾಪಸ್ ಕೊಡೋದೇ ಬೇಡದ ದುಡ್ಡು ಅನ್ನೋದು ಎಲ್ಲೂ ಇಲ್ವಾ? ಇದೆ, ಆದ್ರೆ ಎಲ್ಲರಿಗೂ ಅಲ್ಲ. ಹೊಸ ಐಡಿಯಾ, ಹೊಸ ಟೆಕ್ನಾಲಜಿ ಇಟ್ಕೊಂಡು ಸ್ಟಾರ್ಟಪ್ ಅಂತ ರಿಜಿಸ್ಟರ್ ಆದವರಿಗೆ ಕೇಂದ್ರದ ಸೀಡ್ ಫಂಡ್ 2021ರಲ್ಲಿ ಬಂತು, ಇನ್‌ಕ್ಯುಬೇಟರ್ (ಹೊಸ ಕಂಪನಿಗಳನ್ನ ಬೆಳೆಸೋ ಸಂಸ್ಥೆ) ಮೂಲಕ 20 ಲಕ್ಷದ ತನಕ ಅನುದಾನ, ನಮ್ಮ ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದ ತನಕ. ಹೊಲಿಗೆ ಘಟಕ, ಗ್ಯಾರೇಜು, ಪ್ರಿಂಟಿಂಗ್ ಯೂನಿಟ್ ಹಾಕೋರಿಗೆ ಅದು ಸಂಬಂಧಪಡಲ್ಲ. ಕುಶಲಕರ್ಮಿಗಳಿಗೆ 2023ರ ವಿಶ್ವಕರ್ಮ ಯೋಜನೆಯಲ್ಲಿ ಟೂಲ್‌ಕಿಟ್‌ಗೆ ಅಂತ 15 ಸಾವಿರದ ವೋಚರ್ ಇದೆ, ಅದು ನಿಜವಾಗ್ಲೂ ಅನುದಾನವೇ, ಜೊತೆಗೆ ಶೇ 5 ಬಡ್ಡಿಯಲ್ಲಿ ಮೊದಲು 1 ಲಕ್ಷ ಆಮೇಲೆ 2 ಲಕ್ಷ ಸಾಲ, ಆದ್ರೆ 18 ಕಸುಬುಗಳಿಗೆ ಮಾತ್ರ. ಉಳಿದಂತೆ ನೀವು ‘ಸಹಾಯಧನ’ ಅಂತ ಬರೆಯೋದೆಲ್ಲ ಹೆಚ್ಚಾಗಿ ಸಾಲದ ಬೆನ್ನಿಗೆ ಅಂಟಿಕೊಂಡಿರೋದು, ಸಾಲ ಆಗದಿದ್ರೆ ಸಹಾಯಧನವೂ ಇಲ್ಲ.

ರಾಜ್ಯದ ಸ್ಕೀಮ್‌ಗಳಲ್ಲಿ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ನನಗೆ ಇಷ್ಟ, ಲೆಕ್ಕ ಸರಳ ಇದೆ. 18ರಿಂದ 55 ವರ್ಷದ ಹೆಣ್ಣುಮಕ್ಕಳಿಗೆ, 3 ಲಕ್ಷದ ತನಕ, ಎಸ್‌ಸಿ ಎಸ್‌ಟಿ ಆದ್ರೆ ಅರ್ಧ ಸಬ್ಸಿಡಿ, ಉಳಿದವರಿಗೆ ಶೇ 30, ಗರಿಷ್ಠ 90 ಸಾವಿರ. ಆದ್ರೆ ಉಳಿದವರಿಗೆ ಕುಟುಂಬದ ಆದಾಯ ವರ್ಷಕ್ಕೆ ಒಂದೂವರೆ ಲಕ್ಷ ದಾಟಬಾರದು ಅಂತಾರೆ, ಬ್ಯಾಂಕಿನವರು ಅಷ್ಟು ಕಡಿಮೆ ಆದಾಯದಲ್ಲಿ ಕಂತು ಹೇಗೆ ಕಟ್ತೀರಾ ಅಂತ ಕೇಳ್ತಾರೆ! ಒಂದು ಕಡೆ ಬಡವರು ಅಂತ ಪ್ರೂವ್ ಮಾಡಬೇಕು, ಇನ್ನೊಂದು ಕಡೆ ಬಡವರಲ್ಲ ಅಂತ. ಆಹಾರ ಸಂಸ್ಕರಣೆ ಮಾಡೋರಿಗೆ ಪಿಎಂಎಫ್‌ಎಂಇ ಅಂತ 2020ರಲ್ಲಿ ಬಂದಿದ್ದು ಇದೆ, ಸ್ಕೀಮಿನದ್ದು ಶೇ 35, ನಮ್ಮ ರಾಜ್ಯ ಮೇಲೆ ಶೇ 15 ಸೇರಿಸಿ ಒಟ್ಟು ಅರ್ಧ, 15 ಲಕ್ಷದ ಮಿತಿಯಲ್ಲಿ. ಇದು ಒಳ್ಳೆ ಸ್ಕೀಮು, ಹಳೆ ಘಟಕಕ್ಕೂ ಆಗುತ್ತೆ.

ಈಗ ಬ್ಯಾಂಕಿನ ವಿಷಯಕ್ಕೆ ಬರ್ತೀನಿ, ಈ ಪತ್ರ ಬರೆಯೋಕೆ ಕೂತಿದ್ದೇ ಇದಕ್ಕೆ. ಪಿಎಂಇಜಿಪಿಗೆ ಮೊದಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕಮಿಟಿ ಇಂಟರ್‌ವ್ಯೂ ಮಾಡ್ತಿತ್ತು, 2020ರಲ್ಲಿ ಅದನ್ನ ತೆಗೆದ್ರು, ಈಗ ಅರ್ಜಿ ಆನ್‌ಲೈನ್‌ನಲ್ಲಿ ಹೋಗಿ ಪರಿಶೀಲನೆ ಆಗಿ ನೇರ ಬ್ಯಾಂಕಿಗೆ. ಒಳ್ಳೇದೇ ಆಯ್ತು, ಆದ್ರೆ ಪೂರ್ತಿ ತೀರ್ಮಾನ ಈಗ ಒಬ್ಬ ಮ್ಯಾನೇಜರ್ ಕೈಲಿ. ಅವರು ಬಾಯಲ್ಲಿ ಹೇಳ್ತಾರೆ, ‘ಈ ವರ್ಷ ಟಾರ್ಗೆಟ್ ಮುಗೀತು’, ‘ನಿಮ್ಮ ಏರಿಯಾ ನಮ್ಮ ಬ್ರಾಂಚಿಗೆ ಬರಲ್ಲ’, ‘ಸಿಬಿಲ್ (ಹಿಂದಿನ ಸಾಲದ ದಾಖಲೆ) ಇಲ್ಲ’, ‘ಯಾವುದಾದ್ರೂ ಸೈಟ್ ಪತ್ರ ಇಡಿ ನೋಡೋಣ’. ಬರವಣಿಗೆಯಲ್ಲಿ ಮಾತ್ರ ಏನೂ ಕೊಡಲ್ಲ. ಬಂದವರು ಸುಮ್ನೆ ಎದ್ದು ಬರ್ತಾರೆ, ಯಾಕಂದ್ರೆ ನಿಯಮ ಏನಿದೆ ಅಂತ ಗೊತ್ತಿಲ್ಲ.

ನಿಯಮ ಇದೆ ಸರ್, ರಿಸರ್ವ್ ಬ್ಯಾಂಕಿಂದೇ. ಸಣ್ಣ ಉದ್ಯಮದ 10 ಲಕ್ಷದವರೆಗಿನ (2026ರ ಏಪ್ರಿಲ್‌ನಿಂದ 20 ಲಕ್ಷದವರೆಗಿನ) ಸಾಲಕ್ಕೆ ಬ್ಯಾಂಕು ಅಡಮಾನ ಕೇಳೋ ಹಾಗೇ ಇಲ್ಲ. ಅದಕ್ಕೂ ಮೇಲಿನ ಸಾಲಕ್ಕೆ ಸಿಜಿಟಿಎಂಎಸ್‌ಇ ಅಂತ 2000ದಲ್ಲೇ ಕೇಂದ್ರ ಸರ್ಕಾರ ಮತ್ತು ಸಿಡ್ಬಿ (ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್) ಸೇರಿ ಮಾಡಿದ ಗ್ಯಾರಂಟಿ ಟ್ರಸ್ಟ್ ಇದೆ, ಒಂದು ಸಣ್ಣ ವಾರ್ಷಿಕ ಫೀಸಿಗೆ ಅದು ಬ್ಯಾಂಕಿಗೆ ಜಾಮೀನು ನಿಲ್ಲುತ್ತೆ. ಅರ್ಜಿ ಕೊಟ್ರೆ ಸ್ವೀಕೃತಿ ಕೊಡಬೇಕು. ಕಾಗದಪತ್ರ ಸರಿ ಇದ್ರೆ ಸಣ್ಣ ಉದ್ಯಮದ 25 ಲಕ್ಷದವರೆಗಿನ ಅರ್ಜಿಯನ್ನ 14 ಕೆಲಸದ ದಿನದೊಳಗೆ ತೀರ್ಮಾನ ಮಾಡಬೇಕು. ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅನ್ನೋದನ್ನ ಬರೆದು ಕೊಡಬೇಕು. ಸಿಬಿಲ್ ವಿಷಯಕ್ಕೆ ಬಂದ್ರೆ, ಹಿಂದೆ ಸಾಲವೇ ತಗೊಂಡಿಲ್ಲದವರ ಅರ್ಜಿಯನ್ನ ಆ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಅಂತಲೂ ಬ್ಯಾಂಕುಗಳಿಗೆ ಹೇಳಿದ್ದಾರೆ, 2025ರಲ್ಲಿ ಸಂಸತ್ತಿನಲ್ಲೂ ಹಣಕಾಸು ಇಲಾಖೆ ಇದನ್ನೇ ಉತ್ತರ ಕೊಡ್ತು. (ಸಾಲ ತಗೊಂಡು ಬಿಟ್ಟವರ ಕಥೆ ಬೇರೆ. ಮೊಬೈಲ್ ಇಎಂಐ ಕಟ್ಟದೆ ಬಿಟ್ಟಿದ್ದೂ ಅಲ್ಲಿ ಕಾಣುತ್ತೆ, ವರ್ಷಕ್ಕೊಂದು ರಿಪೋರ್ಟ್ ಫ್ರೀ ಸಿಗುತ್ತೆ, ಬ್ಯಾಂಕಿಗೆ ಹೋಗೋ ಮೊದಲು ನೀವೇ ತೆಗೆದು ನೋಡ್ಕೊಳ್ಳಿ.)

ಬರೆದು ಕೊಡೋದ್ರಿಂದ ಏನಾಗುತ್ತೆ ಅಂತ ಕೇಳಬಹುದು. ತುಂಬ ಆಗುತ್ತೆ. ಕಾರಣ ಕಾಗದದ ಮೇಲೆ ಬಂದ್ರೆ ಅದನ್ನ ಹಿಡ್ಕೊಂಡು ಜಿಲ್ಲೆಯ ಬ್ಯಾಂಕುಗಳನ್ನೆಲ್ಲ ಸಮನ್ವಯ ಮಾಡೋ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ರ ಹೋಗಬಹುದು, ಡಿಐಸಿಯವರು ಬ್ಯಾಂಕರ್‌ಗಳ ಮೀಟಿಂಗ್‌ನಲ್ಲಿ ಎತ್ತಬಹುದು, ಸರಿಪಡಿಸೋ ಕಾರಣ ಆಗಿದ್ರೆ ಸರಿಪಡಿಸಿ ಮತ್ತೆ ಹಾಕಬಹುದು. ಬ್ಯಾಂಕಿಗೆ ಕಂಪ್ಲೇಂಟ್ ಕೊಟ್ಟು 30 ದಿನ ಉತ್ತರ ಬರದಿದ್ರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ, ಅಂದ್ರೆ ದೂರು ಕೇಳೋ ಅಧಿಕಾರಿಗೆ, ಆನ್‌ಲೈನ್‌ನಲ್ಲೇ ಹಾಕಬಹುದು, ದುಡ್ಡಿಲ್ಲ ಕಾಸಿಲ್ಲ. ಆದ್ರೆ ಇಲ್ಲೂ ಸುಳ್ಳು ಭರವಸೆ ಬೇಡ, ಸಾಲ ಕೊಡಬೇಕೋ ಬೇಡವೋ ಅನ್ನೋ ವ್ಯವಹಾರದ ತೀರ್ಮಾನದಲ್ಲಿ ಓಂಬುಡ್ಸ್‌ಮನ್ ಕೈ ಹಾಕಲ್ಲ, ಉತ್ತರವೇ ಕೊಡಲಿಲ್ಲ, ನಿಯಮ ಮೀರಿ ಅಡಮಾನ ಕೇಳಿದ್ರು ಅನ್ನೋ ಥರದ್ದಕ್ಕೆ ಮಾತ್ರ ಕೆಲಸಕ್ಕೆ ಬರುತ್ತೆ.

ಮ್ಯಾನೇಜರ್‌ಗಳ ಕಡೆಯಿಂದಲೂ ಒಂದು ಮಾತು ಹೇಳಲೇಬೇಕು, ಇಲ್ಲಾಂದ್ರೆ ನಾನು ಬರೆದಿದ್ದು ಅರ್ಧ ಸತ್ಯ ಆಗುತ್ತೆ. ಅವರ ಟೇಬಲ್ ಮೇಲೆ ಬರೋ ಫೈಲ್‌ಗಳು ಎಂಥವು ಅಂತ ನನಗೆ ಗೊತ್ತು. ಹೆಸರು ಒಂದು ಬದಲಾಯಿಸಿ ಉಳಿದಿದ್ದೆಲ್ಲ ಕಾಪಿ ಹೊಡೆದ ಪ್ರಾಜೆಕ್ಟ್ ರಿಪೋರ್ಟು, ಮೊದಲನೇ ವರ್ಷದಿಂದಲೇ ತಿಂಗಳಿಗೆ ಲಕ್ಷ ಲಾಭ, ಕರೆಂಟ್ ಬಿಲ್ ಮಾತ್ರ ಸೊನ್ನೆ! ಮಷಿನ್ ಕೊಟೇಶನ್ ಬ್ರೋಕರ್‌ಗೆ ಗೊತ್ತಿರೋ ಅಂಗಡಿಯದ್ದು, ನಿಜವಾದ ಬೆಲೆಗಿಂತ ಎಷ್ಟೋ ಜಾಸ್ತಿ, ಆ ಜಾಸ್ತಿ ದುಡ್ಡು ಸುತ್ತಿ ವಾಪಸ್ ಬರುತ್ತೆ ಅನ್ನೋ ಲೆಕ್ಕ. ‘ನಿಮ್ಮ ಮಾಲು ಯಾರು ತಗೋತಾರೆ’ ಅಂತ ಮ್ಯಾನೇಜರ್ ಕೇಳಿದ್ರೆ ಅರ್ಜಿದಾರರು ಬ್ರೋಕರ್ ಮುಖ ನೋಡ್ತಾರೆ. ಇಂಥವು ನಾಲ್ಕು ನೋಡಿದ ಮ್ಯಾನೇಜರ್ ಐದನೇ ಒಳ್ಳೆ ಫೈಲನ್ನೂ ಅನುಮಾನದಿಂದಲೇ ನೋಡ್ತಾರೆ, ಅವರದ್ದು ತಪ್ಪು ಅನ್ನೋಕಾಗಲ್ಲ, ಸಾಲ ಕೆಟ್ರೆ ವಿವರಣೆ ಕೊಡಬೇಕಾದವರು ಅವರೇ. ಸಬ್ಸಿಡಿ ಇದೆ ಅಂತ ಬಿಸಿನೆಸ್ ಹುಡುಕೋರು ಬೇರೆ, ಬಿಸಿನೆಸ್ ಇದೆ ಅಂತ ಸಾಲ ಹುಡುಕೋರು ಬೇರೆ, ಐದು ನಿಮಿಷ ಮಾತಾಡಿದ್ರೆ ನನಗೇ ಗೊತ್ತಾಗುತ್ತೆ, ಅವರಿಗೆ ಗೊತ್ತಾಗದೇ ಇರುತ್ತಾ.

ಅದಕ್ಕೇ ನನ್ನ ಹತ್ರ ಬಂದವರಿಗೆ ಹೇಳೋದು, ರಿಪೋರ್ಟ್ ನಾನು ಟೈಪ್ ಮಾಡ್ತೀನಿ, ಅಂಕಿ ನೀವು ತನ್ನಿ. ಕಚ್ಚಾ ಮಾಲು ಎಲ್ಲಿಂದ, ಸಾಲಕ್ಕೆ ಕೊಡ್ತಾರಾ ನಗದಾ, ಕೊಳ್ಳೋರು ದುಡ್ಡು ಎಷ್ಟು ದಿನಕ್ಕೆ ಕೊಡ್ತಾರೆ, ಮಷಿನ್ ಕೆಟ್ರೆ ರಿಪೇರಿ ಯಾರು. ಇದಕ್ಕೆ ಉತ್ತರ ಇಲ್ಲ ಅಂದ್ರೆ ಮೊದಲು ಟ್ರೈನಿಂಗ್‌ಗೆ ಹೋಗಿ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ ರುಡ್‌ಸೆಟ್ ಮಾದರಿಯನ್ನೇ ನೋಡಿ ಆಮೇಲೆ ದೇಶದ ತುಂಬ ಜಿಲ್ಲೆ ಜಿಲ್ಲೆಗೆ ಆರ್‌ಸೆಟಿ (ಸ್ವಯಂ ಉದ್ಯೋಗ ತರಬೇತಿ ಸಂಸ್ಥೆ) ಮಾಡಿದ್ರು. ಊಟ ವಸತಿ ಸಮೇತ ಉಚಿತ ತರಬೇತಿ, ಮುಗಿದಮೇಲೆ ಸಾಲಕ್ಕೆ ಬ್ಯಾಂಕ್ ಜೊತೆ ಮಾತಾಡೋಕೂ ಅವರು ಸಹಾಯ ಮಾಡ್ತಾರೆ. ನಮ್ಮ ರಾಜ್ಯದಲ್ಲೇ ಹುಟ್ಟಿದ್ದು ಇದು, ಆದ್ರೆ ‘ಅರ್ಜಿ ಆಹ್ವಾನ’ ಸುದ್ದಿ ಓದಿ ಬರೋ ಹತ್ತು ಜನರಲ್ಲಿ ಇದರ ಹೆಸರು ಕೇಳಿದವರು ಒಬ್ಬಿಬ್ಬರು ಸಿಕ್ಕಿದ್ರೆ ಹೆಚ್ಚು.

ಬ್ರೋಕರ್‌ಗಳ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲರಿಗೂ ಗೊತ್ತಿರೋದೇ. ಅರ್ಜಿ ಹಾಕೋಕೆ ಸರ್ಕಾರಕ್ಕೆ ಒಂದು ಪೈಸೆ ಕಟ್ಟೋದಿಲ್ಲ, ಸಬ್ಸಿಡಿಯಲ್ಲಿ ಪರ್ಸೆಂಟೇಜ್ ಕೇಳೋ ಯಾರಿಗೂ ಒಳಗೆ ಕೈ ಇದೆ ಅಂತ ನಂಬಬೇಡಿ, ಅರ್ಜಿ ಎಲ್ಲಿದೆ ಅನ್ನೋದು ಪೋರ್ಟಲ್‌ನಲ್ಲಿ ನಿಮಗೇ ಕಾಣುತ್ತೆ, ಪಾಸ್‌ವರ್ಡ್ ಮಾತ್ರ ಅವನ ಹತ್ರ ಬಿಡಬೇಡಿ.

ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟೇ ಸರ್. ಇಲಾಖೆಯವರು ಕಳಿಸಿದ ಪ್ರಕಟಣೆಯನ್ನ ಹಾಗೇ ಅಚ್ಚು ಹಾಕಬೇಡಿ. ಅದರಲ್ಲಿ ಸಬ್ಸಿಡಿ ಸಾಲಗಾರರ ಕೈಗೆ ಬರುತ್ತಾ ಡೆಪಾಸಿಟ್ ಆಗುತ್ತಾ, ಎಷ್ಟು ವರ್ಷಕ್ಕೆ, ಕೈಯಿಂದ ಎಷ್ಟು ಹಾಕಬೇಕು, ಅಡಮಾನ ಬೇಕಾ ಬೇಡ್ವಾ, ಇದನ್ನ ಕೇಳಿ ಎರಡು ಸಾಲು ಸೇರಿಸಿ. ಮತ್ತೆ ಹೋದ ವರ್ಷ ಇದೇ ಸ್ಕೀಮಿಗೆ ಜಿಲ್ಲೆಯಲ್ಲಿ ಎಷ್ಟು ಅರ್ಜಿ ಬಂತು, ಬ್ಯಾಂಕುಗಳು ಎಷ್ಟು ಮಂಜೂರು ಮಾಡಿದ್ವು, ತಳ್ಳಿಹಾಕಿದ ಅರ್ಜಿದಾರರಲ್ಲಿ ಎಷ್ಟು ಜನಕ್ಕೆ ಕಾರಣ ಬರೆದು ಕೊಟ್ರು ಅಂತ ನಿಮ್ಮ ವರದಿಗಾರರು ಲೀಡ್ ಬ್ಯಾಂಕ್ ಆಫೀಸಲ್ಲಿ ಕೇಳಲಿ. ಬ್ಯಾಂಕರ್‌ಗಳ ಸಭೆ ಮೂರು ತಿಂಗಳಿಗೊಮ್ಮೆ ನಡೆದೇ ನಡೆಯುತ್ತೆ, ಮೊದಲ ಎರಡು ಅಂಕಿ ಆ ಸಭೆಯ ಕಡತದಲ್ಲೇ ಇರುತ್ತೆ, ಮೂರನೇದಕ್ಕೆ ಅವರು ತಡವರಿಸ್ತಾರೆ ಅಂತ ನನಗೆ ಗ್ಯಾರಂಟಿ ಇದೆ. ಕೊಡಲ್ಲ ಅಂದ್ರೆ ತಿಳಿಸಿ, ಸರ್ಕಾರಿ ಬ್ಯಾಂಕುಗಳು ಮಾಹಿತಿ ಹಕ್ಕಿನಡಿ ಬರ್ತವೆ, 10 ರೂಪಾಯಿ ಕಟ್ಟಿ ಅರ್ಜಿ ನಾನೇ ಹಾಕ್ತೀನಿ, ಬಂದ ಉತ್ತರ ನಿಮಗೆ ಕಳಿಸ್ತೀನಿ.

ಇಂತಿ
ನಿಮ್ಮ ಓದುಗ